ರೋಗಿಯ ಎದುರು ಕೂತವರೇ ಊರಿನ ಲೆಕ್ಕವನ್ನೂ ಇಡಲಿ

ಮಾನ್ಯ ಸಂಪಾದಕರೇ,

ವೈದ್ಯಕೀಯ ಓದಿದವರ ಮುಂದಿನ ದಾರಿಯ ಬಗ್ಗೆ ಪತ್ರಿಕೆಗಳ ಶಿಕ್ಷಣ ಪುಟದಲ್ಲಿ ಬರುವ ಲೇಖನಗಳು ಸಾಮಾನ್ಯವಾಗಿ ಒಂದೇ ಪಟ್ಟಿ ಕೊಡುತ್ತವೆ: ರೋಗಿಗಳನ್ನು ನೋಡುವವರು ಒಂದು ಕಡೆ, ಸಂಶೋಧನೆಗೆ ಹೋಗುವವರು ಇನ್ನೊಂದು ಕಡೆ, ಸಾರ್ವಜನಿಕ ಆರೋಗ್ಯ ಹಿಡಿಯುವವರು ಮತ್ತೊಂದು ಕಡೆ. ಮೂರನ್ನೂ ಮಾಡಬಹುದೇ ಎಂದು ವಿದ್ಯಾರ್ಥಿ ಕೇಳಿದರೆ ಹಿರಿಯರ ಉತ್ತರ ಸಿದ್ಧವಿರುತ್ತದೆ. ಮೊದಲು ಕ್ಲಿನಿಕ್ಕಿನಲ್ಲಿ ಕಾಲೂರು, ಆಮೇಲೆ ಸಂಶೋಧನೆ ನೋಡೋಣ, ಸಾರ್ವಜನಿಕ ಆರೋಗ್ಯ ವಯಸ್ಸಾದ ಮೇಲೆ ಇದ್ದೇ ಇದೆ. ಈ ಸಲಹೆ ಕೇಳಲು ಹಿತ, ಕೆಲಸಕ್ಕೆ ಬಾರದು. ಒಂದಾದ ಮೇಲೊಂದು ಎಂದು ಹೊರಟವರು ಹೆಚ್ಚಾಗಿ ಮೊದಲನೆಯದರಲ್ಲೇ ಉಳಿದುಬಿಡುತ್ತಾರೆ. ಮೂರನ್ನೂ ನಿಭಾಯಿಸುವವರು ಒಂದೇ ರೋಗವನ್ನು, ಆ ರೋಗದ ಒಂದೆರಡು ಪ್ರಶ್ನೆಗಳನ್ನು ಹಿಡಿದು ವಾರ್ಡು, ದಾಖಲೆ, ಊರು ಈ ಮೂರೂ ಕಡೆ ಅದನ್ನೇ ಬೆನ್ನಟ್ಟುತ್ತಾರೆ. ಆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ತುಸು ವಿವರವಾಗಿಯೇ ಬರೆದಿದ್ದೇನೆ. ಉದ್ದವಾಯಿತೆನಿಸಿದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಕ್ಲಿನಿಕ್ಕಿನಲ್ಲಿ ಕೂತ ವೈದ್ಯರಿಗೆ ಕಾಣುವುದು ಭಿನ್ನರಾಶಿಯ ಅಂಶ, ಛೇದ ಕಾಣುವುದಿಲ್ಲ. ಈ ತಿಂಗಳು ಕಾಮಾಲೆಯವರು 40 ಮಂದಿ ಬಂದರು ಎಂದು ಗೊತ್ತಿರುತ್ತದೆ. ಎಷ್ಟು ಜನರ ಪೈಕಿ 40, ಅವರೆಲ್ಲ ಎಲ್ಲಿಯವರು, ಬಾರದೇ ಉಳಿದವರು ಎಷ್ಟು ಎಂಬುದು ಗೊತ್ತಿರುವುದಿಲ್ಲ. ಆರೋಗ್ಯಾಧಿಕಾರಿಯ ಮೇಜಿನ ಮೇಲೆ ಛೇದ ಇರುತ್ತದೆ, ಬಡಾವಣೆವಾರು ಜನಸಂಖ್ಯೆ ಇರುತ್ತದೆ. ಆ 40 ಮಂದಿಯಲ್ಲಿ ಎಷ್ಟು ಜನರ ರೋಗ ರಕ್ತಪರೀಕ್ಷೆಯಲ್ಲಿ ಖಚಿತವಾಯಿತು, ಎಷ್ಟು ಜನರದ್ದು ಬರೀ ಕಣ್ಣಂದಾಜು ಎಂದು ಹೇಳುವವರು ಅಲ್ಲಿರುವುದಿಲ್ಲ. ಈ ಎರಡನ್ನೂ ಒಂದೇ ಗೆರೆಯ ಮೇಲೆ ಕೆಳಗೆ ಸರಿಯಾಗಿ ಕೂರಿಸುವುದೇ ಸಂಶೋಧನೆ.

ಇಂಗ್ಲೆಂಡಿನ ವೈದ್ಯ ಜಾನ್ ಸ್ನೋ ಹೆಸರು ಹೇಳಿದೊಡನೆ 1854ರ ಲಂಡನ್ನಿನ ಕಾಲರಾ, ರೋಗ ಹರಡುತ್ತಿದ್ದ ಬ್ರಾಡ್ ಸ್ಟ್ರೀಟಿನ ನೀರಿನ ಪಂಪು, ಅದರ ಹಿಡಿಕೆ ಕಳಚಿಸಿದ್ದು ಎಲ್ಲರಿಗೂ ನೆನಪಾಗುತ್ತದೆ. ಅವರು ದಿನಾ ಮಾಡುತ್ತಿದ್ದ ಕೆಲಸ ಅರಿವಳಿಕೆ ಕೊಡುವುದು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟವರು ಅವರೇ. ಪಂಪಿನ ಕಥೆಗಿಂತ ಅವರ ಇನ್ನೊಂದು ಕೆಲಸ ಹೆಚ್ಚು ಕಲಿಸುತ್ತದೆ. ದಕ್ಷಿಣ ಲಂಡನ್ನಿನ ಎಷ್ಟೋ ಬೀದಿಗಳಲ್ಲಿ ಅಕ್ಕಪಕ್ಕದ ಮನೆಗಳಿಗೆ ಬೇರೆ ಬೇರೆ ಕಂಪನಿಗಳ ನೀರು ಬರುತ್ತಿತ್ತು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ನಗರದ ಕೊಳಚೆ ಬೆರೆತ ಕಡೆಯೇ ಥೇಮ್ಸ್ ನೀರನ್ನು ಎತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ನದಿಯ ಮೇಲ್ಭಾಗಕ್ಕೆ ಹೋಗಿತ್ತು. ಸ್ನೋ ಸತ್ತವರ ಮನೆಮನೆಗೆ ಹೋಗಿ ಯಾವ ಕಂಪನಿಯ ನೀರು ಎಂದು ವಿಚಾರಿಸಿದರು. ಎಷ್ಟೋ ಬಾಡಿಗೆದಾರರಿಗೆ ಅದು ಗೊತ್ತೇ ಇರಲಿಲ್ಲ. ಆಗ ಆ ಮನೆಯ ನೀರನ್ನು ತಂದು ಸಿಲ್ವರ್ ನೈಟ್ರೇಟ್ ಹಾಕಿ ನೋಡಿದರು. ಉಪ್ಪಿನಂಶ ಹೆಚ್ಚಿದ್ದ ಮೊದಲ ಕಂಪನಿಯ ನೀರು ಬೆಳ್ಳಗೆ ಮಡ್ಡಿ ಕಟ್ಟುತ್ತಿತ್ತು, ಎರಡನೆಯದು ತುಸು ಮಬ್ಬಾಗುತ್ತಿತ್ತು ಅಷ್ಟೆ. ಇದು ಅಂಶದ ಕೆಲಸ. ಛೇದಕ್ಕೆ ಅವರು ಹಿಡಿದದ್ದು ಕಂಪನಿಗಳು ಸಂಸತ್ತಿಗೆ ಒಪ್ಪಿಸಿದ್ದ ಮನೆಗಳ ಲೆಕ್ಕವನ್ನು: 40,046 ಮತ್ತು 26,107. ರೋಗ ಹಬ್ಬಿದ ಮೊದಲ ಏಳು ವಾರಗಳ ಸಾವು ಮೊದಲನೆಯದರಲ್ಲಿ 1,263, ಎರಡನೆಯದರಲ್ಲಿ 98. ಹತ್ತು ಸಾವಿರ ಮನೆಗೆ 315 ಮತ್ತು 37. ಪ್ರಯೋಗಶಾಲೆಯ ಬುದ್ಧಿ, ಮನೆ ಬಾಗಿಲು ತಟ್ಟುವ ಕಾಲು, ಕಾಗದಪತ್ರ ಹುಡುಕುವ ತಾಳ್ಮೆ ಮೂರೂ ಒಬ್ಬರಲ್ಲೇ ಇದ್ದದ್ದರಿಂದ ಇದಾಯಿತು. ಆ ಹೊತ್ತಿಗೆ ಕಾಲರಾ ರೋಗಾಣುವನ್ನು ಅವರು ಕಂಡಿರಲಿಲ್ಲ ಎಂಬುದನ್ನೂ ಮರೆಯಬಾರದು.

ಛೇದ ಬದಲಾದರೆ ಒಂದೇ ಪರೀಕ್ಷೆಯ ಅರ್ಥವೇ ಬದಲಾಗುತ್ತದೆ. ಒಳ್ಳೆಯ ತಜ್ಞರು ಸಾರ್ವಜನಿಕ ಆರೋಗ್ಯಕ್ಕೆ ಬಂದಾಗ ಮೊದಲು ಎಡವುವುದು ಇಲ್ಲೇ. ರೋಗವಿರುವ 100 ಮಂದಿಯಲ್ಲಿ 90 ಮಂದಿಯನ್ನು ಹಿಡಿಯುವ, ರೋಗವಿಲ್ಲದ 100 ಮಂದಿಯಲ್ಲಿ 95 ಮಂದಿಗೆ ಇಲ್ಲವೆಂದೇ ಹೇಳುವ ಪರೀಕ್ಷೆಯೊಂದಿದೆ ಎಂದಿಟ್ಟುಕೊಳ್ಳಿ. ತಜ್ಞರ ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ಶೇ 30ರಷ್ಟು ಜನರಿಗೆ ಆ ರೋಗವಿದ್ದರೆ, 10,000 ಮಂದಿಯಲ್ಲಿ 2,700 ನಿಜವಾದ ಪಾಸಿಟಿವ್, 350 ಸುಳ್ಳು ಪಾಸಿಟಿವ್. ಪಾಸಿಟಿವ್ ಬಂದ 100ರಲ್ಲಿ 88-89 ಮಂದಿಗೆ ರೋಗವಿದೆ; ವೈದ್ಯರಿಗೆ ಪರೀಕ್ಷೆಯ ಮೇಲೆ ಪೂರ್ಣ ನಂಬಿಕೆ ಬರುತ್ತದೆ. ಅದೇ ಕಿಟ್ಟನ್ನು ಶೇ 1ರಷ್ಟು ಮಾತ್ರ ರೋಗವಿರುವ ಊರಿನಲ್ಲಿ 10,000 ಮಂದಿಗೆ ಹಾಕಿದರೆ 90 ನಿಜ, 495 ಸುಳ್ಳು. ಈಗ ಪಾಸಿಟಿವ್ ಬಂದ 100ರಲ್ಲಿ ರೋಗವಿರುವುದು ಕೇವಲ 15 ಮಂದಿಗೆ. ಕಿಟ್ಟು ಕೆಟ್ಟಿಲ್ಲ, ಲ್ಯಾಬಿನವರ ತಪ್ಪೂ ಇಲ್ಲ. ಪಾಸಿಟಿವ್ ಬಂದವರಿಗೆಲ್ಲ ಎರಡನೇ ಪರೀಕ್ಷೆ ಎಲ್ಲಿ, ಯಾರು, ಎಷ್ಟು ದಿನದಲ್ಲಿ ಮಾಡುತ್ತಾರೆ ಎಂದು ಮೊದಲೇ ತೀರ್ಮಾನಿಸದ ತಪಾಸಣಾ ಶಿಬಿರ ಜನರಲ್ಲಿ ಭಯ ಹಂಚಿ ಗಂಟುಮೂಟೆ ಕಟ್ಟುತ್ತದೆ. ಶಿಬಿರ ಮಾಡಿದವರ ವರದಿಯಲ್ಲಿ ಮಾತ್ರ 585 ರೋಗಿಗಳು ಪತ್ತೆ ಎಂದಿರುತ್ತದೆ.

ಇನ್ನು ದಾಖಲೆ. ಮೂರೂ ಕೆಲಸಗಳು ಕೂಡುವುದೂ ಇಲ್ಲೇ, ಮುರಿಯುವುದೂ ಇಲ್ಲೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕ್ಲಿನಿಕ್ಕಿನ ಕೇಸ್ ಶೀಟ್ ಅವತ್ತಿನ ಚಿಕಿತ್ಸೆಗೆ ಸಾಕು, ಸಂಶೋಧನೆಗೆ ಸಾಲದು. ಹಾಗಂತ 150 ಕಾಲಮ್ಮಿನ ನಮೂನೆ ಮಾಡಿದರೆ ಮೂರನೇ ವಾರಕ್ಕೆ ಯಾರೂ ತುಂಬುವುದಿಲ್ಲ. ಹದಿನೈದಿಪ್ಪತ್ತು ಕಾಲಮ್ಮು ಸಾಕು, ಆದರೆ ಅವು ಪ್ರತಿ ರೋಗಿಗೂ ತುಂಬಿರಬೇಕು. ವಯಸ್ಸು, ಚಿಕ್ಕ ಮಕ್ಕಳಿಗೆ ತಿಂಗಳಲ್ಲಿ. ವಿಳಾಸ, ಜನಸಂಖ್ಯೆಯ ಕೋಷ್ಟಕದಲ್ಲಿ ಇರುವ ಬಡಾವಣೆಯ ಹೆಸರಿನಲ್ಲೇ. 'ಬಸ್ ನಿಲ್ದಾಣದ ಹತ್ತಿರ' ಎಂದು ಬರೆದ ವಿಳಾಸಕ್ಕೆ ಛೇದ ಸಿಗುವುದಿಲ್ಲ. ರೋಗ ಶುರುವಾದ ದಿನ ಮತ್ತು ಆಸ್ಪತ್ರೆಗೆ ಬಂದ ದಿನ, ಎರಡೂ ಬೇರೆ ಬೇರೆ. ಹೆಚ್ಚಿನ ರಿಜಿಸ್ಟರುಗಳಲ್ಲಿ ಎರಡನೆಯದಷ್ಟೇ ಇರುತ್ತದೆ. ಅದನ್ನಿಟ್ಟುಕೊಂಡು ರೋಗ ಹಬ್ಬಿದ ರೇಖಾಚಿತ್ರ ಬರೆದರೆ ಪ್ರತಿ ಸೋಮವಾರ ರೋಗ ಏರುತ್ತದೆ, ಭಾನುವಾರ ಇಳಿಯುತ್ತದೆ. ನೀವು ಅಳೆಯುತ್ತಿರುವುದು ಹೊರರೋಗಿ ವಿಭಾಗದ ವಾರದ ರಜೆಯನ್ನು. ರೋಗನಿರ್ಣಯದ ಆಧಾರವೂ ಬೇಕು: ಲಕ್ಷಣ ನೋಡಿ, ಲ್ಯಾಬ್ ಪರೀಕ್ಷೆಯಿಂದ, ಇಲ್ಲವೇ ಮೊದಲ ರೋಗಿಯ ಸಂಪರ್ಕದಿಂದ. ಕೊನೆಗೆ ಏನಾಯಿತು, ಗುಣವಾಯಿತೇ, ಬೇರೆಡೆ ಕಳಿಸಲಾಯಿತೇ, ಸಾವೇ, ಗೊತ್ತಿಲ್ಲವೇ.

ಆ ಕೊನೆಯ 'ಗೊತ್ತಿಲ್ಲ' ಬಹಳ ಮುಖ್ಯ. ಜ್ವರವಿತ್ತೇ ಎಂಬ ಕಾಲಮ್ಮು ಖಾಲಿ ಇದ್ದರೆ ಜ್ವರ ಇರಲಿಲ್ಲ ಎಂದೋ, ಕೇಳಲಿಲ್ಲ ಎಂದೋ, ಕೇಳಿದರೂ ರೋಗಿಗೆ ನೆನಪಿರಲಿಲ್ಲ ಎಂದೋ? ಮೂರಕ್ಕೂ ಬೇರೆ ಬೇರೆ ಸಂಕೇತ ಮೊದಲ ದಿನವೇ ನಿಗದಿಯಾಗಬೇಕು. ಖಾಲಿ ಜಾಗಗಳನ್ನೆಲ್ಲ ಕೊನೆಗೆ 'ಇಲ್ಲ' ಎಂದು ತುಂಬಿಸಿದ ಡೇಟಾ ಬೇಕಾದಷ್ಟಿದೆ, ಅದರ ಮೇಲೆ ಕಟ್ಟಿದ ಪ್ರಬಂಧಗಳೂ ಇವೆ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 03/04 ಎಂದರೆ ಕೆಲವು ಕಂಪ್ಯೂಟರುಗಳಿಗೆ ಏಪ್ರಿಲ್ 3, ಕೆಲವಕ್ಕೆ ಮಾರ್ಚ್ 4. ಹೆಸರು, ಫೋನ್ ಇರುವ ಹಾಳೆ ಬೇರೆ, ರೋಗದ ವಿವರದ ಹಾಳೆ ಬೇರೆ. ಎರಡನ್ನೂ ಬೆಸೆಯುವುದು ಒಂದು ಕ್ರಮಸಂಖ್ಯೆ ಮಾತ್ರ, ಮೊದಲ ಹಾಳೆ ಬೀಗದೊಳಗೆ. ಮೂಲ ಡೇಟಾ ಕಡತವನ್ನು ತಿದ್ದಬಾರದು. ತಿದ್ದುಪಡಿಯೆಲ್ಲ ಪ್ರತಿಯಲ್ಲಿ, ಯಾರು ಯಾವತ್ತು ಏಕೆ ತಿದ್ದಿದರು ಎಂಬ ಟಿಪ್ಪಣಿಯ ಜೊತೆ.

ಅಳತೆಯೂ ದಾಖಲೆಯ ಭಾಗ. ಬಿಪಿಯನ್ನೇ ತೆಗೆದುಕೊಳ್ಳಿ. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳು ಹೃದಯದ ಮಟ್ಟಕ್ಕಿಟ್ಟು, ಒಂದೆರಡು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆಯಬೇಕು. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ 80ರಷ್ಟನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂಕಿಯನ್ನು ನಿಜವಾಗಿ ಓದಿ ಬರೆದಿದ್ದಾರೆಯೇ ಎಂದು ತಿಳಿಯಲು ರಿಜಿಸ್ಟರನ್ನು ಕಣ್ಣಾಡಿಸಿದರೆ ಸಾಕು. ಎರಡೆರಡರ ಗೆರೆಯಿರುವ ಪಾದರಸದ ಅಥವಾ ಮುಳ್ಳಿನ ಯಂತ್ರದಲ್ಲಿ ಕೊನೆಯ ಅಂಕಿ 0, 2, 4, 6, 8 ಹೆಚ್ಚೂಕಡಿಮೆ ಸಮನಾಗಿ ಬರಬೇಕು, ಅಂದರೆ ಸೊನ್ನೆ ಶೇ 20ರ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಅಳತೆಗಳು ಸೊನ್ನೆಯಲ್ಲಿ ಮುಗಿದರೆ ಅಲ್ಲಿರುವುದು ಅಂದಾಜು. 140/90 ಎಂಬ ಗಡಿರೇಖೆಯ ಮೇಲೆ ಚಿಕಿತ್ಸೆ ನಿಂತಿರುವಾಗ 136 ಮತ್ತು 144 ಎರಡನ್ನೂ 140 ಎಂದು ಬರೆಯುವ ಅಭ್ಯಾಸ ರೋಗಿಗೂ ತಪ್ಪು ಔಷಧ, ಊರಿಗೂ ತಪ್ಪು ಲೆಕ್ಕ. ಇಂಥ ಸಣ್ಣ ತನಿಖೆಗೆ ಹಣ ಬೇಡ, ಅನುದಾನ ಬೇಡ. ಎಳೆಯ ವೈದ್ಯರ ಮೊದಲ ಸಂಶೋಧನೆ ಇದೇ ಆಗಲಿ ಎಂಬುದು ನನ್ನ ಅಭಿಪ್ರಾಯ.

ಎಷ್ಟು ರೋಗಿಗಳು ಬೇಕು ಎಂಬ ಲೆಕ್ಕಕ್ಕೆ ಬರೋಣ. ಸ್ನಾತಕೋತ್ತರ ಪ್ರಬಂಧಗಳಲ್ಲಿ 50, 100 ಎಂಬ ದುಂಡು ಸಂಖ್ಯೆ ಕಂಡರೆ ಲೆಕ್ಕ ಹಾಕಿಲ್ಲ ಎಂದೇ ಅನುಮಾನಿಸಬೇಕು. ಶೇ 20ರಷ್ಟು ಇರಬಹುದೆಂದು ಅಂದಾಜಿರುವ ರೋಗವನ್ನು ಶೇ 5 ಆಚೀಚೆಯ ಒಳಗೆ, ಶೇ 95ರ ವಿಶ್ವಾಸದಲ್ಲಿ ಅಳೆಯಬೇಕು ಎಂದುಕೊಳ್ಳಿ. ಶೇ 95ರ ವಿಶ್ವಾಸಕ್ಕೆ ಸಲ್ಲುವ ಸಂಖ್ಯೆ 1.96; ಅದರ ವರ್ಗವನ್ನು 0.2 ಮತ್ತು 0.8ರಿಂದ ಗುಣಿಸಿ 0.05ರ ವರ್ಗದಿಂದ ಭಾಗಿಸಿದರೆ 246. ಹತ್ತರಲ್ಲಿ ಒಬ್ಬರು ಸಿಗುವುದಿಲ್ಲ ಎಂದಾದರೆ 274. ಮನೆಮನೆ ಆರಿಸದೆ ಓಣಿ ಓಣಿಯಾಗಿ ಆರಿಸಿದರೆ, ಒಂದೇ ಓಣಿಯ ಜನ ಒಬ್ಬರನ್ನೊಬ್ಬರು ಹೋಲುವುದರಿಂದ, ಸಂಖ್ಯೆ ಹೆಚ್ಚಿಸಬೇಕು. ಎರಡು ಪಟ್ಟು ಎಂದಿಟ್ಟುಕೊಂಡರೆ 547. ಎರಡು ಚಿಕಿತ್ಸೆಗಳ ಹೋಲಿಕೆ ಇನ್ನೂ ದುಬಾರಿ. ಸಾವನ್ನು ಶೇ 20ರಿಂದ 10ಕ್ಕೆ ಇಳಿಸುವ ಔಷಧವನ್ನು ಗುರುತಿಸಲು ಗುಂಪಿಗೆ ಸುಮಾರು 200 ಮಂದಿ ಬೇಕು. ಶೇ 20ರಿಂದ 15ಕ್ಕಾದರೆ ಗುಂಪಿಗೆ ಸುಮಾರು 900. ವ್ಯತ್ಯಾಸ ಅರ್ಧವಾಯಿತು, ರೋಗಿಗಳ ಸಂಖ್ಯೆ ನಾಲ್ಕು ಪಟ್ಟು ಮೀರಿತು. ಒಂದೇ ಆಸ್ಪತ್ರೆಗೆ ಇದು ಸಾಧ್ಯವಾಗದ ಮಾತು. ಸಂಖ್ಯಾಶಾಸ್ತ್ರಜ್ಞರ ಹತ್ತಿರ ಡೇಟಾ ಹೊತ್ತುಕೊಂಡು ಕೊನೆಗೆ ಹೋಗುವುದಲ್ಲ, ಪ್ರಶ್ನೆ ಹಿಡಿದು ಮೊದಲೇ ಹೋಗಬೇಕು ಎನ್ನುವುದು ಇದಕ್ಕೇ.

ಹಾಗಾದರೆ ಸಾಮಾನ್ಯ ವಾರ್ಡಿನ ವೈದ್ಯರು ಏನು ಮಾಡಬೇಕು? ದೊಡ್ಡ ಅಧ್ಯಯನವೊಂದರ ಒಂದು ತುಂಡಾಗಬೇಕು. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಹಲವು ಆಸ್ಪತ್ರೆಗಳು ಕೂಡಿ ಔಷಧಗಳನ್ನು ಪರೀಕ್ಷಿಸಿದ ರಿಕವರಿ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಮಾರ್ಚ್‌ನಲ್ಲಿ ಮೊದಲ ರೋಗಿ ಸೇರಿದರು, ಜೂನ್‌ನಲ್ಲಿ ಡೆಕ್ಸಾಮೆಥಸೋನ್ ಫಲಿತಾಂಶ ಹೊರಬಿತ್ತು. 2,104 ಮಂದಿಗೆ ಆ ಔಷಧ, 4,321 ಮಂದಿಗೆ ಎಂದಿನ ಚಿಕಿತ್ಸೆ. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನಗಳ ಸಾವು ಸುಮಾರು ಮೂರನೇ ಒಂದು ಭಾಗ, ಬರೀ ಆಮ್ಲಜನಕದ ಮೇಲಿದ್ದವರಲ್ಲಿ ಐದನೇ ಒಂದು ಭಾಗ ಇಳಿಯಿತು. ಆಮ್ಲಜನಕವೇ ಬೇಕಾಗದವರಿಗೆ ಉಪಯೋಗ ಕಾಣಲಿಲ್ಲ. ಹೊಸ ಔಷಧವಲ್ಲ, ಅಗ್ಗದ ಹಳೆಯ ಸ್ಟಿರಾಯ್ಡ್. ಇಷ್ಟು ಬೇಗ ಆದದ್ದು ನಮೂನೆ ಚಿಕ್ಕದಿದ್ದುದರಿಂದ, ಡ್ಯೂಟಿಯಲ್ಲಿದ್ದ ವೈದ್ಯರೇ ರೋಗಿಗಳನ್ನು ಸೇರಿಸಬಹುದಾಗಿದ್ದುದರಿಂದ, ಮುಖ್ಯ ಪ್ರಶ್ನೆ ಒಂದೇ ಆಗಿದ್ದುದರಿಂದ: 28 ದಿನದ ಹೊತ್ತಿಗೆ ಬದುಕಿದ್ದಾರೆಯೇ? ಅದೇ ದಿನಗಳಲ್ಲಿ ಲೋಕದಾದ್ಯಂತ ಹೊರಟ ಎಷ್ಟೋ ಸಣ್ಣ ಅಧ್ಯಯನಗಳು ಏನನ್ನೂ ಹೇಳಲಾಗದೆ ಮುಗಿದವು. ಮುಂದಿನ ರೋಗ ಬರುವ ಮೊದಲೇ ನಮೂನೆ, ಒಪ್ಪಿಗೆ ಪತ್ರ, ನೈತಿಕ ಸಮಿತಿಯ ಪ್ರಾಥಮಿಕ ಒಪ್ಪಿಗೆ, ಸ್ಯಾಂಪಲ್ ಸಂಗ್ರಹದ ಕ್ರಮ ಸಿದ್ಧವಿಟ್ಟುಕೊಂಡ ಆಸ್ಪತ್ರೆಗಷ್ಟೇ ಇಂಥ ವೇಗ ದಕ್ಕುತ್ತದೆ.

ರೋಗ ಹಬ್ಬಿದಾಗಿನ ತನಿಖೆಯ ಬಗ್ಗೆ ಒಂದು ಮಾತು. ಪಠ್ಯದಲ್ಲಿ ಹೆಜ್ಜೆಗಳು ಸಾಲಾಗಿ ಇರುತ್ತವೆ: ರೋಗ ಖಚಿತಪಡಿಸು, ಎಂದಿಗಿಂತ ಹೆಚ್ಚಿದೆಯೇ ನೋಡು, ಯಾರನ್ನು ರೋಗಿ ಎನ್ನಬೇಕೆಂದು ವ್ಯಾಖ್ಯೆ ಬರಿ, ರೋಗಿಗೊಂದು ಸಾಲಿನಂತೆ ಪಟ್ಟಿ (ಲೈನ್ ಲಿಸ್ಟ್) ಮಾಡು, ಕಾಲ, ಸ್ಥಳ, ವ್ಯಕ್ತಿ ಲೆಕ್ಕ ಹಾಕು, ಕಾರಣ ಊಹಿಸು, ಪರೀಕ್ಷಿಸು, ತಡೆ. ವಾಸ್ತವದಲ್ಲಿ ತಡೆಯುವ ಕೆಲಸ ಮೊದಲ ದಿನವೇ ಶುರುವಾಗಬೇಕು. ಕುಡಿಯುವ ನೀರಿನ ಮೇಲೆ ಅನುಮಾನವಿದ್ದರೆ ಕ್ಲೋರಿನ್ ಹಾಕಲು ಲ್ಯಾಬ್ ವರದಿಗೆ ಕಾಯುವವರುಂಟೇ? ಹೊಸಬರು ತಪ್ಪುವುದು ಹೋಲಿಕೆಯಲ್ಲಿ. ಸಾಮೂಹಿಕ ಊಟದ ನಂತರ ಕಾಯಿಲೆಬಿದ್ದವರನ್ನಷ್ಟೇ ವಿಚಾರಿಸಿ ಎಲ್ಲರೂ ಇದನ್ನು ತಿಂದಿದ್ದರು ಎಂದು ಬರೆಯುತ್ತಾರೆ. ಆರೋಗ್ಯವಾಗಿದ್ದವರೂ ತಿಂದಿದ್ದರೇ? ತಿಂದ 80 ಮಂದಿಯಲ್ಲಿ 48, ತಿನ್ನದ 40 ಮಂದಿಯಲ್ಲಿ 6 ಜನ ಮಲಗಿದರೆ ಶೇ 60 ಮತ್ತು ಶೇ 15, ನಾಲ್ಕು ಪಟ್ಟು. ಚೆನ್ನಾಗಿರುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದು ಕ್ಲಿನಿಕ್ಕಿನ ವೈದ್ಯರಿಗೆ ಅಭ್ಯಾಸವಿಲ್ಲದ ಕೆಲಸ, ಏಕೆಂದರೆ ಅಂಥವರು ಅವರ ಹತ್ತಿರ ಬರುವುದೇ ಇಲ್ಲ.

ಸಂಶೋಧನೆಯಲ್ಲಿ ಗೆದ್ದದ್ದು ಊರಿಗೆ ಹೋಗುವ ದಾರಿಯಲ್ಲಿ ಸೋಲಬಹುದು. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್, ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿಯಿಂದ ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಆರು ಬಗೆಯ ಚಿಕಿತ್ಸೆ ಕೊಟ್ಟರು. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. 1753ರಲ್ಲಿ ಪ್ರಕಟಿಸಿದರು. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಎಲ್ಲರಿಗೂ ಕೊಡಲು ತೀರ್ಮಾನಿಸಿದ್ದು 1795ರಲ್ಲಿ. ನಡುವಿನ ವಿಳಂಬಕ್ಕೆ ಅಧಿಕಾರಿಗಳನ್ನು ಮಾತ್ರ ಬೈದರೆ ಸಾಲದು. ಹಡಗಿನಲ್ಲಿ ಹಣ್ಣು ಕೆಡುತ್ತದೆಂದು ರಸವನ್ನು ಬಿಸಿಮಾಡಿ ಗಟ್ಟಿ ಪಾಕವಾಗಿಸಿ ಒಯ್ಯಿರಿ ಎಂದವರೂ ಲಿಂಡ್ ಅವರೇ. ಬಿಸಿಗೆ ಸಿ ಜೀವಸತ್ವ ಬಹುಪಾಲು ಹಾಳಾಗುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಪರೀಕ್ಷಿಸಿದ್ದು ಒಂದು, ಹಂಚಲು ಹೇಳಿದ್ದು ಇನ್ನೊಂದು. ಇವತ್ತಿನ ಕಾರ್ಯಕ್ರಮಗಳಲ್ಲೂ ಇದೇ ಆಗುತ್ತದೆ: ಪ್ರಯೋಗದಲ್ಲಿ ನರ್ಸ್ ಎದುರು ನಿಂತು ನುಂಗಿಸಿದ ಮಾತ್ರೆಯನ್ನು ಕಾರ್ಯಕ್ರಮದಲ್ಲಿ ಕೈಗೆ ಕೊಟ್ಟು ಕಳಿಸುತ್ತಾರೆ, ಆಮೇಲೆ ಔಷಧ ಕೆಲಸ ಮಾಡಲಿಲ್ಲ ಎನ್ನುತ್ತಾರೆ.

ಸರಿಯಾಗಿ ದಾಟಿದ ಉದಾಹರಣೆ ಓಆರ್‌ಎಸ್, ಭೇದಿಯಾದವರಿಗೆ ಕುಡಿಸುವ ಉಪ್ಪು-ಗ್ಲೂಕೋಸ್ ದ್ರಾವಣ. ಗ್ಲೂಕೋಸ್ ಜೊತೆಗಿದ್ದರೆ ಕರುಳು ಸೋಡಿಯಂ ಹೀರಿಕೊಳ್ಳುತ್ತದೆ ಎಂಬುದನ್ನು 1960ರಲ್ಲಿ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಮುಂದಿಟ್ಟರು. 1968ರಲ್ಲಿ ಢಾಕಾದಲ್ಲಿ ಅಮೆರಿಕದ ವೈದ್ಯರಾದ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಕಾಲರಾ ರೋಗಿಗಳಿಗೆ ಬಾಯಿಯ ಮೂಲಕ ದ್ರಾವಣ ಕೊಟ್ಟು, ರಕ್ತನಾಳಕ್ಕೆ ಕೊಡುವ ದ್ರವದ ಅಗತ್ಯ ಶೇ 80ರಷ್ಟು ತಗ್ಗಿದ್ದನ್ನು ತೋರಿಸಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿಯುತ್ತಾ ಬಂದಾಗ ಮಕ್ಕಳ ವೈದ್ಯ ದಿಲೀಪ್ ಮಹಾಲನೋಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಸೋಡಿಯಂ ಬೈಕಾರ್ಬನೇಟ್ ಕಲಸಿ ನಲ್ಲಿಯಿರುವ ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ಕುಡಿಸುವ ಕೆಲಸವನ್ನು ಮನೆಯವರಿಗೇ ವಹಿಸಿದರು. ಸಾವು ಶೇ 30ರ ಆಸುಪಾಸಿನಿಂದ ಶೇ 3.6ಕ್ಕೆ ಇಳಿಯಿತು. ನನಗೆ ಇಲ್ಲಿ ದೊಡ್ಡದಾಗಿ ಕಾಣುವುದು ಆ ಗದ್ದಲದ ನಡುವೆ ಅವರು ಲೆಕ್ಕ ಇಟ್ಟದ್ದು, 1973ರಲ್ಲಿ ಅದನ್ನು ಪ್ರಕಟಿಸಿದ್ದು. ಲೆಕ್ಕವಿಲ್ಲದಿದ್ದರೆ ಅದೊಂದು ಶಿಬಿರದ ಸಾಹಸವಾಗಿ ಉಳಿಯುತ್ತಿತ್ತು. ಅಲ್ಲಿಗೂ ಸಂಶೋಧನೆ ನಿಲ್ಲಲಿಲ್ಲ. ಹಳೆಯ ಪುಡಿಯ ಸಾಂದ್ರತೆ ಲೀಟರಿಗೆ 311 ಮಿಲಿಆಸ್ಮೋಲ್ (ಕರಗಿದ ಕಣಗಳ ಅಳತೆ) ಇತ್ತು. ಇಳಿಸಿದರೆ ಭೇದಿಯ ಪ್ರಮಾಣ, ವಾಂತಿ ಕಡಿಮೆಯಾಗುತ್ತವೆ ಎಂದು ಕಂಡ ಮೇಲೆ 2002ರಲ್ಲಿ 245ಕ್ಕೆ ಇಳಿಸಲಾಯಿತು. ಈಗಿನ ಪೊಟ್ಟಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತವೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯುವ ತಪ್ಪು ಮನೆಗಳಲ್ಲಿ ಈಗಲೂ ನಡೆಯುತ್ತದೆ. ಆಗ ದ್ರಾವಣದ ಉಪ್ಪು ಅಪಾಯಕಾರಿಯಾಗಿ ಏರುತ್ತದೆ. ಮಗು ಸುಸ್ತಾಗಿ ವಾರ್ಡಿಗೆ ಬಂದಾಗ ಸೋಡಿಯಂ ಹೆಚ್ಚಿರುವುದನ್ನು ಕಂಡು, ನೀರು ಎಷ್ಟು ಹಾಕಿದಿರಿ ಎಂದು ತಾಯಿಯನ್ನು ಕೇಳಿ, ಅದನ್ನು ಪೊಟ್ಟಣದ ಮೇಲಿನ ಚಿತ್ರ ಬದಲಿಸುವವರೆಗೆ ಒಯ್ಯುವ ವೈದ್ಯರು ಮೂರೂ ಕೆಲಸ ಮಾಡಿದಂತೆಯೇ.

ನೀತಿಯ ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ತನ್ನ ರೋಗಿಯನ್ನೇ ತನ್ನ ಅಧ್ಯಯನಕ್ಕೆ ಸೇರಿಸಿಕೊಳ್ಳುವ ವೈದ್ಯರಿಗೆ ಎರಡು ನಿಷ್ಠೆಗಳಿರುತ್ತವೆ, ರೋಗಿಗೆ ಅದು ತಿಳಿಯುವುದಿಲ್ಲ. ಡಾಕ್ಟರು ಹೇಳಿದ್ದಾರೆ, ಬೇಡವೆಂದರೆ ಚಿಕಿತ್ಸೆ ಸರಿಯಾಗಿ ಸಿಗಲಿಕ್ಕಿಲ್ಲ ಎಂದು ಸಹಿ ಹಾಕುತ್ತಾರೆ. ಹೀಗೆ ಅವಲಂಬಿಸಿರುವ ರೋಗಿಯ ಒಪ್ಪಿಗೆಯನ್ನು ಆ ಸಂಬಂಧಕ್ಕೆ ಹೊರಗಿರುವ, ವಿಷಯ ಬಲ್ಲ ಬೇರೊಬ್ಬರು ಪಡೆಯಬೇಕೆಂದು 1964ರಲ್ಲಿ ಮೊದಲು ಅಂಗೀಕಾರವಾಗಿ, ಆಮೇಲೆ ಹಲವು ಬಾರಿ ಪರಿಷ್ಕರಣೆಯಾದ, ವೈದ್ಯಕೀಯ ಸಂಶೋಧನೆಯ ನೀತಿ ಸೂತ್ರಗಳ ಹೆಲ್ಸಿಂಕಿ ಘೋಷಣೆ ಹೇಳುತ್ತದೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರನ್ನು ಚಿಕಿತ್ಸೆಯಿಲ್ಲದೆ ಗಮನಿಸುತ್ತಾ ಇದ್ದವರು ಸಾರ್ವಜನಿಕ ಆರೋಗ್ಯ ಸೇವೆಯ ವೈದ್ಯರೇ. 1940ರ ದಶಕದ ಕೊನೆಗೆ ಪೆನಿಸಿಲಿನ್ ಎಲ್ಲೆಡೆ ಚಿಕಿತ್ಸೆಯಾಗಿತ್ತು, ಇವರಿಗೆ ಮಾತ್ರ ಕೊಡಲಿಲ್ಲ. ಚಿಕಿತ್ಸೆ ಕೊಡುವ ಮನಸ್ಸನ್ನು ಬದಿಗಿಟ್ಟ ಸಂಶೋಧನೆಗೂ ಆರೋಗ್ಯ ಸೇವೆಗೂ ಇದಕ್ಕಿಂತ ಕಟುವಾದ ಸಾಕ್ಷಿ ಬೇಕಿಲ್ಲ.

ಉಲ್ಟಾ ಅಪಾಯವೂ ಇದೆ, ತನ್ನ ಅನುಭವವನ್ನೇ ಸಾಕ್ಷಿ ಎಂದುಕೊಳ್ಳುವುದು. ಹೃದಯಾಘಾತದ ನಂತರ ಬಡಿತ ಆಗಾಗ ತಪ್ಪುವವರಿಗೆ ಅದನ್ನು ಹತ್ತಿಕ್ಕುವ ಔಷಧ ಕೊಡುವುದು ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಇಸಿಜಿ ನೇರ್ಪಾಗುವುದು ಕಣ್ಣೆದುರೇ ಕಾಣುತ್ತಿತ್ತು. 1989ರಲ್ಲಿ ಇದನ್ನೇ ಪರೀಕ್ಷಿಸಿದ ಕಾಸ್ಟ್ ಪ್ರಯೋಗ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಅಂಥ ಔಷಧಗಳನ್ನು ಪಡೆದವರಲ್ಲೇ ಸಾವು ಹೆಚ್ಚು ಎಂದು ತೋರಿಸಿತು. ಸತ್ತವರು ಮತ್ತೆ ಹೊರರೋಗಿ ವಿಭಾಗಕ್ಕೆ ಬರುವುದಿಲ್ಲವಲ್ಲ, ಹಾಗಾಗಿ ಬಿಡಿ ಬಿಡಿ ವೈದ್ಯರಿಗೆ ಅದು ಕಾಣುವ ಹಾಗೇ ಇರಲಿಲ್ಲ.

ಈಗ ಸಮಯದ ಮಾತು. ವಾರವನ್ನು ಹತ್ತು ಅರ್ಧದಿನಗಳೆಂದು ಲೆಕ್ಕ ಹಾಕಿ. ಐದು ರೋಗಿಗಳಿಗೆ, ಮೂರು ಸಂಶೋಧನೆಗೆ, ಎರಡು ಊರಿನ ಕೆಲಸಕ್ಕೆ ಎಂಬುದು ನಡೆಯುವ ಹಂಚಿಕೆ. ಸಂಶೋಧನೆಯ ಅರ್ಧದಿನಗಳಲ್ಲಿ ಎರಡಾದರೂ ಒಂದಕ್ಕೊಂದು ಅಂಟಿಕೊಂಡಿರಬೇಕು. ರಾತ್ರಿ ಡ್ಯೂಟಿಯ ಮರುದಿನ ಇರಬಾರದು. ದಿನಾ ಸಂಜೆ ಒಂದು ಗಂಟೆ ಎಂದು ಚೂರುಮಾಡಿದ ಸಮಯದಲ್ಲಿ ಡೇಟಾ ತುಂಬಬಹುದು, ಯೋಚಿಸಲಾಗದು. ಕೈಕೆಲಸದ ವಿಭಾಗಗಳಲ್ಲಿ, ಮುಖ್ಯವಾಗಿ ಶಸ್ತ್ರಚಿಕಿತ್ಸೆಯಲ್ಲಿ, ಕೈ ಪಳಗಿರಲು ವಾರಕ್ಕೆ ಇಷ್ಟು ಎಂಬಷ್ಟು ಆಪರೇಷನ್ ಬೇಕೇ ಬೇಕು. ಅವರಿಗೆ ಈ ಹಂಚಿಕೆ ಹೊಂದುವುದಿಲ್ಲ, ಆರು-ಮೂರು-ಒಂದು ಎಂದಾದರೂ ಸರಿಯೇ. ಯಾರಿಗೇ ಆದರೂ ನೋಡುವ ರೋಗ, ಅಧ್ಯಯನದ ರೋಗ, ಊರಿನಲ್ಲಿ ತಡೆಯಲು ಹೊರಟ ರೋಗ ಬೇರೆ ಬೇರೆಯಾದರೆ ಮೂರರಲ್ಲೂ ಅರೆಬರೆಯಾಗುತ್ತದೆ. ಬೆಳಿಗ್ಗೆ ಕ್ಷಯದ ಕ್ಲಿನಿಕ್, ಮಧ್ಯಾಹ್ನ ಮಧುಮೇಹದ ಪ್ರಬಂಧ, ಸಂಜೆ ಡೆಂಗಿ ಸಭೆ ಎಂದು ಓಡಾಡುವವರ ದಣಿವು ಎಲ್ಲರಿಗೂ ಕಾಣುತ್ತದೆ, ಫಲ ಯಾರಿಗೂ ಕಾಣುವುದಿಲ್ಲ.

ಪದವಿಗಳ ಕ್ರಮದ ಬಗ್ಗೆ ವಿದ್ಯಾರ್ಥಿಗಳು ಹೆಚ್ಚು ಕೇಳುತ್ತಾರೆ. ಕೆಲಸ ಒಂದಾದ ಮೇಲೊಂದು ಬೇಡ ಎಂದೆ, ತರಬೇತಿಗೆ ಮಾತ್ರ ಒಂದು ಕ್ರಮ ಬೇಕು. ನನ್ನ ಪ್ರಕಾರ ಮೊದಲು ವಾರ್ಡಿನಲ್ಲಿ ಕೆಲವು ವರ್ಷ, ರೋಗಿ ಹೇಳಿದ್ದನ್ನೂ ಹೇಳದ್ದನ್ನೂ ಕೇಳಿಸಿಕೊಳ್ಳಲು ಬರುವವರೆಗೆ. ಆಮೇಲೆ ಸಾಂಕ್ರಾಮಿಕ ರೋಗಶಾಸ್ತ್ರ, ಸಂಖ್ಯಾಶಾಸ್ತ್ರದ ಶಿಸ್ತಿನ ತರಬೇತಿ. ಪಿಎಚ್‌ಡಿ ಎಲ್ಲರಿಗೂ ಬೇಕಿಲ್ಲ. ಸ್ವಂತ ತಂಡ ಕಟ್ಟಿ ಅನುದಾನ ತರುವ ಇರಾದೆ ಇದ್ದರೆ ಮಾತ್ರ. 1951ರಲ್ಲಿ ಸಾಂಕ್ರಾಮಿಕ ರೋಗತಜ್ಞ ಅಲೆಕ್ಸಾಂಡರ್ ಲ್ಯಾಂಗ್‌ಮುಯಿರ್ ಅಮೆರಿಕದಲ್ಲಿ ಶುರುಮಾಡಿದ ಎರಡು ವರ್ಷದ ಕ್ಷೇತ್ರ ತರಬೇತಿಯ ಮಾದರಿ ಈಗ ಅನೇಕ ದೇಶಗಳಲ್ಲಿದೆ. ಅಲ್ಲಿ ಪಾಠ ಕಡಿಮೆ, ರೋಗ ಹಬ್ಬಿದ ಊರಿಗೆ ಹೋಗಿ ತನಿಖೆ ಮಾಡಿ ವರದಿ ಬರೆಯುವುದು ಹೆಚ್ಚು. ಮೂರನ್ನೂ ಹಿಡಿಯುವವರಿಗೆ ಅದಕ್ಕಿಂತ ಒಳ್ಳೆಯ ಶಾಲೆ ಕಾಣೆ.

ನಿಮ್ಮ ಶಿಕ್ಷಣ ಪುಟದಲ್ಲಿ ಮುಂದೆ ಈ ವಿಷಯ ಬಂದಾಗ, ಮೂರೂ ಕೆಲಸ ಕೂಡಿದ ಹುದ್ದೆಯ ಸಂದರ್ಶನಕ್ಕೆ ಹೋಗುವವರು ಕೇಳಬೇಕಾದ ಪ್ರಶ್ನೆಗಳನ್ನೂ ದಯವಿಟ್ಟು ಅಚ್ಚುಹಾಕಿ. ಸಂಶೋಧನೆಯ ದಿನ ನನ್ನ ವಾರ್ಡು ನೋಡುವವರು ಯಾರು, ಆ ಹೆಸರು ಆದೇಶದಲ್ಲಿ ಇದೆಯೇ? ಸಂಗ್ರಹಿಸಿದ ಡೇಟಾ ಯಾರ ಸ್ವತ್ತು, ನಾನು ಬೇರೆಡೆ ಹೋದರೆ ಯಾರ ವಶದಲ್ಲಿರುತ್ತದೆ? ರೋಗ ಹಬ್ಬಿದಾಗ ಇಲಾಖೆಗೆ ಬರೆದುಕೊಟ್ಟ ತನಿಖಾ ವರದಿ ಬಡ್ತಿಯ ಲೆಕ್ಕಕ್ಕೆ ಸೇರುತ್ತದೆಯೇ, ಅಥವಾ ಜರ್ನಲ್‌ಗಳಲ್ಲಿ ಬಂದ ಪ್ರಬಂಧ ಮಾತ್ರವೇ? ಮೂರು ವರ್ಷದ ಅನುದಾನ ಮುಗಿದ ಮೇಲೆ ದಾಖಲೆ ತುಂಬುವ ಸಿಬ್ಬಂದಿಯ ಸಂಬಳ ಎಲ್ಲಿಂದ? ಈ ನಾಲ್ಕಕ್ಕೂ ಬಾಯಿಮಾತಿನ ಉತ್ತರ ಸಿಕ್ಕರೆ ಅದು ಕ್ಲಿನಿಕ್ಕಿನ ಹುದ್ದೆ ಎಂದೇ ತಿಳಿದು ಸೇರುವುದೋ ಬಿಡುವುದೋ ತೀರ್ಮಾನಿಸಲಿ.

ಇಂತಿ,
ಒಬ್ಬ ವೈದ್ಯ